ನಾಲ್ಕು ಊರಿಗೆ ಒಂದು ಖುರ್ಚಿ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ವಯಸ್ಸಾದರೆ ತಣ್ಣಗಾಗುತ್ತೀ ಎಂದು ಎಲ್ಲರೂ ಹೇಳುತ್ತಿದ್ದರು, ಶುದ್ಧ ಸುಳ್ಳು. ಕೂತುಕೊಳ್ಳಲೇಬೇಕೆಂದು ನಾನು ಹಟ ಹಿಡಿದದ್ದು ಜೀವನದಲ್ಲಿ ಒಂದೇ ಒಂದು ಖುರ್ಚಿಯ ಮೇಲೆ. ಅದರ ಮಾತು ಹೇಳಿ ಮುಗಿಸುತ್ತೇನೆ.

ಅರವತ್ತರ ದಶಕ ಅರ್ಧ ಕಳೆದಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆ ಕಾಲೇಜು ಎಂಬ ಹೆಸರಿನದೊಂದು ಆಗತಾನೆ ಶುರುವಾಗಿತ್ತು. ಸಿಂದಗಿಯ ನಮ್ಮ ಕಾಲೇಜು ಪೇಟೆಯ ಹಿಂದಿನ ಹಳೆಯ ತೊಗರಿ ಗೋದಾಮಿನಲ್ಲಿ ನಡೆಯುತ್ತಿತ್ತು. ಬೆಂಚಿನ ಸಂದಿಯಲ್ಲಿ ತೊಗರಿ ಕಾಳು ಸಿಗುತ್ತಿದ್ದವು. ಇತಿಹಾಸದ ಮಾಸ್ತರರಿಗೆ ಗೋದಾಮಿನ ಧೂಳು ಆಗುತ್ತಿರಲಿಲ್ಲ, ಒಂದು ಯುದ್ಧ ಮುಗಿಯುವುದರೊಳಗೆ ಹತ್ತು ಸಲ ಸೀನುತ್ತಿದ್ದರು. ನಾನು ಅಲ್ಲಿ ಬಿ.ಎ. ಮೊದಲ ವರ್ಷ, ನನ್ನ ತಂಗಿ ಪಿ.ಯು.ಸಿ. ಇಡೀ ಕಾಲೇಜಿಗೆ ಹುಡುಗಿಯರು ಮೂವರೇ. ಮೂವರಲ್ಲಿ ಅವಳೇ ಜಾಣೆ. ಮೂವರಲ್ಲೇಕೆ, ನನ್ನನ್ನೂ ಹಿಡಿದು ಇಡೀ ಗೋದಾಮಿನಲ್ಲೇ ಜಾಣೆ.

ಆ ವರ್ಷ ಮಳೆಗಾಲದ ಮೊದಲಿಗೆ ಅಮ್ಮನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ತಂಗಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಅಮ್ಮನ ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿ ಹನ್ನೊಂದಕ್ಕೆ ಕಾಲೇಜಿಗೆ ಬರುತ್ತಿದ್ದಳು. ಎರಡಕ್ಕೆ ವಾಪಸು ಓಡುತ್ತಿದ್ದಳು. ಆ ಮೂರು ತಾಸು ಪಕ್ಕದ ಮನೆಯ ಮುದುಕಿ ಬಂದು ಕೂರುತ್ತಿದ್ದಳು. ನಮ್ಮ ತಂದೆ, ಅಬ್ಬಾ, ಪೇಟೆಯಲ್ಲಿ ಜೋಳದ ವ್ಯಾಪಾರ ಮಾಡುತ್ತಿದ್ದರು, ಮಗಳ ಓದಿಗೆ ಎಂದೂ ಅಡ್ಡ ಬಂದವರಲ್ಲ. ಅಡ್ಡ ಬಂದದ್ದು ಪರೀಕ್ಷೆ. ಆಗ ನಮ್ಮ ತಾಲೂಕುಗಳವರೆಲ್ಲ ಪರೀಕ್ಷೆಗೆ ವಿಜಾಪುರಕ್ಕೇ ಹೋಗಬೇಕಿತ್ತು. ಇವತ್ತು ಒಂದು ಪತ್ರಿಕೆ, ಎರಡು ದಿನ ಬಿಟ್ಟು ಇನ್ನೊಂದು, ಎಲ್ಲ ಸೇರಿ ಮೂರು ವಾರ ಅಲ್ಲೇ ಉಳಿಯಬೇಕು. ದಿನಾ ಹೋಗಿ ಬರೋಣವೆಂದರೆ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ.

"ಮೂರು ತಾಸಿಗೆ ಯಾರರೆ ಕುಂದರ್ತಾರ. ಮೂರು ವಾರ ನಿಮ್ಮ ಅಮ್ಮನ್ನ ಯಾರು ನೋಡ್ಕೋತಾರವ್ವಾ?" ಎಂದು ಅಬ್ಬಾ ಒಮ್ಮೆ ಉಣ್ಣುವಾಗ ಕೇಳಿದರು. ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ಉತ್ತರ ಬೇಕಾಗಿ ಕೇಳಿದರು. ನಾನೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆ. ನನ್ನ ಪರೀಕ್ಷೆಯೂ ವಿಜಾಪುರದಲ್ಲೇ ಇತ್ತು, ನಾನು ಹೋಗುವವನೇ ಇದ್ದೆ. ನೀನು ಹೋದರೆ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಅಂಥ ಹೊತ್ತಿಗೆ ಧಾರವಾಡದಿಂದ ಒಂದು ಕಾಗದ ಬಂತು. ಯುನಿವರ್ಸಿಟಿಯಲ್ಲಿ ಎಲ್ಲ ಕಾಲೇಜುಗಳ ಹುಡುಗರು ಸೇರುವ ವಿದ್ಯಾರ್ಥಿ ಪರಿಷತ್ತು ಇತ್ತು. ದೊಡ್ಡ ಕಾಲೇಜಿಗೆ ಒಬ್ಬೊಬ್ಬ ಪ್ರತಿನಿಧಿ. ನಮ್ಮಂಥ ಪುಟಗೋಸಿ ಕಾಲೇಜುಗಳಿಗೆ ನಾಲ್ಕಕ್ಕೊಬ್ಬ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕೂಡಿ ಒಬ್ಬನನ್ನು ಆರಿಸಿ ಕಳಿಸಬೇಕು. ಅದನ್ನು ಓದಿದ ಗಳಿಗೆಯಿಂದ ನನ್ನ ತಲೆ ನೆಟ್ಟಗೆ ಉಳಿಯಲಿಲ್ಲ. ಧಾರವಾಡ, ಸಭಾಂಗಣ, ಹೆಸರು ಬರೆದ ಚೀಟಿ ಅಂಟಿಸಿದ ಖುರ್ಚಿ! ಕಾಲು ಸುಟ್ಟ ಬೆಕ್ಕಿನ ಹಾಗೆ ಪೇಟೆಯ ಉದ್ದಕ್ಕೂ ತಿರುಗಿದೆ.

ಆರಿಸುವುದಕ್ಕೆ ಬಾಗೇವಾಡಿಯಲ್ಲಿ ಸೇರಿದೆವು, ಕಾಲೇಜಿಗೊಬ್ಬನಂತೆ ನಾಲ್ವರು. ಬಾಗೇವಾಡಿ ಕಾಲೇಜಿನವನು ಗೊಳಸಂಗಿಯ ರೈತರ ಮಗ, ತೂಕದ ಮಾತಿನವನು. ಇಂಡಿಯ ಕಾಲೇಜಿನವನು ಹಲಸಂಗಿಯ ಹುಡುಗ, ಆ ಊರಿನವರ ನಾಲಿಗೆಗೆ ಮೊದಲಿನಿಂದಲೂ ಸಾಣೆ. ಮುದ್ದೇಬಿಹಾಳದವನು ಮಾಸ್ತರರ ಮಗ, ಮನೆಯಲ್ಲಿ ಮರಾಠಿ ಆಡುವ ವೈಷ್ಣವರ ಪೈಕಿ, ಎಲ್ಲರಿಗಿಂತ ಸಾಧು. ಚುರುಮುರಿ ತಿಂದು ಚೀಟಿ ಹಾಕಿದೆವು. ನಾಲ್ವರಿಗೂ ಒಂದೊಂದು ವೋಟು ಬಂತು. ಮತ್ತೆ ಹಾಕಿದೆವು, ಮತ್ತೆ ಒಂದೊಂದು. ಮೂರನೆಯ ಸಲವೂ ಹಾಗೇ. ಯಾರು ಯಾರಿಗೆ ಹಾಕಿದ್ದಾರೆ ಎನ್ನುವುದಕ್ಕೆ ಜ್ಯೋತಿಷ್ಯ ಬೇಕಿರಲಿಲ್ಲ.

ಆಗ ನನಗೆ ಒಂದು ಯುಕ್ತಿ ಹೊಳೆಯಿತು. ಅಬ್ಬಾ ಜೋಳ ಕೊಳ್ಳಲು ಹಳ್ಳಿಗಳ ಕಣಕ್ಕೆ ಹೋಗುವಾಗ ಚಿಕ್ಕವನಿದ್ದ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಣ್ಣತಮ್ಮಂದಿರು ರಾಶಿ ಹಂಚಿಕೊಳ್ಳುವುದನ್ನು ಅಲ್ಲಿ ನೋಡಿದ್ದೆ. ಒಬ್ಬ ಪಾಲು ಹಾಕುತ್ತಾನೆ, ಉಳಿದವರು ತಮಗೆ ಬೇಕಾದ ಗುಂಪು ಎತ್ತಿಕೊಳ್ಳುತ್ತಾರೆ, ಪಾಲು ಹಾಕಿದವನು ಎಲ್ಲರಾದ ಮೇಲೆ ಉಳಿದದ್ದನ್ನು ಎತ್ತಬೇಕು. ಹಾಗಾಗಿ ಪಾಲು ಹಾಕುವವನ ಕೈ ವಾರೆಯಾಗುವುದಿಲ್ಲ.

"ಇಲ್ಲೂ ಹಂಗ ಮಾಡೂಣು. ಖುರ್ಚಿ ಹಿಡದಾಂವನ ಊರು ಕಡೀಕ ಎತ್ತಬೇಕು. ಉಳಿದ ಮೂರೂ ಊರಿಗೆ ಸಿಗೂತನಕ ತನ್ನ ಊರಿಗೆ ಏನೂ ಕೇಳಬಾರದು" ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಊರಿಗೆ ಏನೂ ತರಲಾಗದ ಖುರ್ಚಿ ಯಾರಿಗೆ ಬೇಕು? "ನಾ ಹಿಡೀತೇನಿ" ಎಂದು ನಾನೇ ಅಂದೆ. ಸಿಂದಗಿಗೆ ತಪ್ಪಿಹೋಗುವುದಾದರೂ ಏನು, ಒಂದು ವಾಲಿಬಾಲು, ಒಂದು ಗೋಡೆ ನಕಾಶೆ ಎಂದುಕೊಂಡಿದ್ದೆ. ನೋಟುಬುಕ್ಕಿನ ಹಾಳೆಯಲ್ಲಿ ಕಾಯ್ದೆ ಬರೆದು ನಾಲ್ವರೂ ಸಹಿ ಹಾಕಿದೆವು. ನನ್ನ ಬುದ್ಧಿಗೆ ನಾನೇ ಮೆಚ್ಚಿ ವಾಪಸು ಬರುವಾಗ ಬಸ್ಸಿನ ಬಾಗಿಲಲ್ಲೇ ನಿಂತು ಬಂದೆ.

ಆಮೇಲಿನ ತಿಂಗಳುಗಳು ಬಸ್ಸಿನಲ್ಲೇ ಹೋದವು. ಉಳಿದ ಮೂರು ಊರುಗಳ ಬೇಡಿಕೆ ಬರೆದುಕೊಂಡು ತಿರುಗುವುದೇ ಕೆಲಸ. ಎಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ನನ್ನ ಬಸ್ಸು ಮೊದಲು ವಿಜಾಪುರಕ್ಕೇ ಹೋಗಿ ಆಮೇಲೆ ಹೊರಳಬೇಕಿತ್ತು. ಮುದ್ದೇಬಿಹಾಳಕ್ಕೆ ಗ್ರಂಥಾಲಯ, ಇಂಡಿಗೆ ಕುಡಿಯುವ ನೀರು, ಬಾಗೇವಾಡಿಗೆ ಇಂಗ್ಲಿಷ್ ಮಾಸ್ತರು, ಇನ್ನೂ ಯಾವುದೂ ಸಿಕ್ಕಿರಲಿಲ್ಲ. ನನ್ನನ್ನು ಕಂಡರೆ ಹುಡುಗರು "ಮೆಂಬರ್ ಸಾಹೇಬ್ರು ಬಂದ್ರು" ಎಂದು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆಯೆಂದು ಗೊತ್ತಿದ್ದೂ ಹಿಗ್ಗುತ್ತಿದ್ದೆ.

ಚಳಿಗಾಲದಲ್ಲಿ ಎರಡನೆಯ ಕಾಗದ ಬಂತು. ಪ್ರಿನ್ಸಿಪಾಲರು ಕರೆದು ಓದಿಸಿದರು. ನಮ್ಮ ನಾಲ್ಕು ಕಾಲೇಜುಗಳಿಗೆ ಸೇರಿ ಈ ವರ್ಷ ಒಂದು ಹೊಸ ಪರೀಕ್ಷಾ ಕೇಂದ್ರ ಕೊಡುವ ವಿಚಾರವಿದೆ. ಯಾವ ಊರಿಗೆ ಎಂಬುದನ್ನು ನಾಲ್ಕಕ್ಕೂ ಕೂಡಿದ ಪ್ರತಿನಿಧಿ ಬರೆದು ಕೊಡಬೇಕು, ಪರಿಷತ್ತಿನಲ್ಲಿ ಎದ್ದು ನಿಂತು ಕಾರಣ ಹೇಳಬೇಕು. ನಾನೇ ಬರೆದ ಕಾಯ್ದೆ ನೆನಪಾಯಿತು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತಂಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಣ್ಣಾ, ಬರಿಯಾಂವ ನೀನ ಅಂತಲ್ಲ? ಸಿಂದಗಿ ಅಂತ ಬರೀತಿ, ಹೌದಲ್ಲ? ಇಲ್ಲೇ ಪರೀಕ್ಷೆ ಆದ್ರ ನಾ ಬರದು ಬಂದು ಅಮ್ಮಾಗ ಉಣ್ಣಾಕ ಹಾಕಬಹುದು."

"ನೋಡೂಣು" ಎಂದೆ. ಆ ಸಂಜೆಯಿಂದ ಅವಳು ಒಲೆಯ ಮುಂದೆ ಪುಸ್ತಕ ತೆರೆದಿಟ್ಟುಕೊಂಡು ರೊಟ್ಟಿ ತಿರುವುತ್ತ ಓದತೊಡಗಿದಳು. ಅಮ್ಮ ಹಾಸಿಗೆಯಲ್ಲಿ ಮಲಗಿದ್ದಲ್ಲೇ ತನಗೆ ತಿಳಿಯದ ಆ ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಆ ಮೂವರು ಗೆಳೆಯರನ್ನು ಹಲಸಂಗಿಗೆ, ಇಂಡಿಯ ಗೆಳೆಯನ ಮನೆಗೆ ಕರೆಸಿದೆ. ಬೇವಿನ ಗಿಡದ ಕೆಳಗೆ ಕೂತು ಅಮ್ಮನ ಲಕ್ವಾ, ತಂಗಿಯ ಓದು ಎಲ್ಲ ಬಿಡಿಸಿ ಹೇಳಿದೆ.

"ಖರೇ ಅಂದ್ರ ಕೆಟ್ಟ ಅನಸ್ತೈತಿ. ಆದ್ರ ಕಾಯ್ದೆ ಮಾಡಿದಾಂವ ನೀನ" ಎಂದ ಬಾಗೇವಾಡಿಯವನು.

ಇಂಡಿಯವನು ಕಡ್ಡಿಯಿಂದ ನೆಲ ಕೆದರುತ್ತ ಕೂತಿದ್ದ. "ಒಂದು ದಾರಿ ಐತಿ ನೋಡಲೇ. ಖುರ್ಚಿ ಬಿಟ್ಟುಬಿಡು. ನಮ್ಮ ಮೂವರೊಳಗ ಒಬ್ಬಾಂವ ಕುಂದರ್ತಾನ. ನೀ ಇಳದಿ ಅಂದ್ರ ನಿಮ್ಮೂರು ಎಲ್ಲರ ಜೋಡಿ ಪಾಲಿಗೆ ಬರತೈತಿ. ತಂಗಿ ಸಲುವಾಗಿ ನಾವೂ ಸಿಂದಗಿಗೇ ಕೈ ಎತ್ತತೇವಿ."

ಉಳಿದಿಬ್ಬರೂ ತಲೆಯಾಡಿಸಿದರು. ಅಷ್ಟೇ ಆಗಬೇಕಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

ನಾನು ಎದ್ದೆ. ಗಿಡದ ತನಕ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಧಾರವಾಡದ ಸಭೆಗೆ ಎಂಟು ದಿನ ಉಳಿದಿತ್ತು. ಕೋಟು ಹೊಲಿಸಿಯಾಗಿತ್ತು. ಕನ್ನಡಿಯ ಮುಂದೆ ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿತ್ತು. ತಿರುಗಿ ನಿಂತು, "ನಡು ವರ್ಷದಾಗ ಪ್ರತಿನಿಧಿ ಬದಲಾದ್ರ ಯುನಿವರ್ಸಿಟಿಯವರು ಒಪ್ಪೂದಿಲ್ಲ" ಎಂದೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಪರಿಷತ್ತಿನ ನಿಯಮಗಳ ಪುಸ್ತಕ ಇದ್ದದ್ದು ನನ್ನೊಬ್ಬನ ಹತ್ತಿರ, ಅವರು ನಂಬಿದರು. ವಿಜಾಪುರಕ್ಕೆ ಎಲ್ಲರಿಗಿಂತ ದೂರದ ಊರು ಎಂದು ಮೂವರೂ ಮುದ್ದೇಬಿಹಾಳಕ್ಕೆ ಒಪ್ಪಿದರು. ನಾನು ಹಾಗೇ ಬರೆದೆ.

ತಂಗಿಗೆ, "ಪಾಲು ಹಾಕಿದಾಂವ ಕಡೀಕ ಎತ್ತಬೇಕಂತ ಕಾಯ್ದೆ ಐತಿ, ನನ್ನ ಕೈ ಕಟ್ಟಿಹಾಕ್ಯಾರ" ಎಂದೆ.

"ಯಾರು ಮಾಡಿದ ಕಾಯ್ದೆ?"

"ನಾಲ್ಕೂ ಮಂದಿ ಕೂಡಿ ಮಾಡಿದ್ದು."

ಅವಳು ಓದುವುದನ್ನು ಬಿಡಲಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ಅವಳು ಗಟ್ಟಿಯಾಗಿ ಓದತೊಡಗಿದರೆ ಸಾಕು, ನಾನು ಚಪ್ಪಲಿ ಮೆಟ್ಟಿ ಹೊರಗೆ ಬೀಳುತ್ತಿದ್ದೆ.

ಧಾರವಾಡದಲ್ಲಿ ಖುರ್ಚಿ ನಿಜವಾಗಿಯೂ ಇತ್ತು. ಚೀಟಿಯಲ್ಲಿ ಜಾಗ ಸಾಲದೆ ನಾಲ್ಕು ಊರುಗಳ ಹೆಸರನ್ನು ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಬರೆದಿದ್ದರು. ನನ್ನ ಸರದಿ ಬಂದಾಗ ಐದು ನಿಮಿಷ ಕೊಟ್ಟರು. ಮುದ್ದೇಬಿಹಾಳದ ದೂರ, ಬಸ್ಸಿನ ವೇಳೆ, ಹಳ್ಳ ಬಂದರೆ ನಿಲ್ಲುವ ರಸ್ತೆ ಎಲ್ಲ ಹೇಳಿದೆ. ಮುಂದಿನ ಸಾಲಿನವರು ಆಕಳಿಸುತ್ತಿದ್ದರು. ದೊಡ್ಡ ಕಾಲೇಜಿನ ಇಬ್ಬರು ತಮ್ಮ ತಮ್ಮೊಳಗೇ ಏನೋ ಹೇಳಿಕೊಂಡು ನಗುತ್ತಿದ್ದರು. ನನಗೆ ರೇಗಿತು. ಆ ರೇಗಿನಲ್ಲಿ ಬಾಯಿಂದ ಬಂದುಬಿಟ್ಟಿತು.

"ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ತಾಯಿಗೆ ಲಕ್ವಾ ಹೊಡೆದಿದೆ. ಮೂರು ತಾಸು ತಾಯಿಯನ್ನು ನೋಡಿಕೊಳ್ಳಲು ಜನ ಸಿಗುತ್ತಾರೆ, ಮೂರು ವಾರಕ್ಕೆ ಸಿಗುವುದಿಲ್ಲ. ಅವಳು ರೊಟ್ಟಿ ಬಡಿಯುತ್ತ ಒಲೆಯ ಬೆಳಕಿನಲ್ಲಿ ಓದುತ್ತಾಳೆ. ನೀವು ಕೇಂದ್ರ ಕೊಡದಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತದೆ."

ಆಕಳಿಕೆ ನಿಂತಿತು. ನಾನು ಕೂತಾಗ ಚಪ್ಪಾಳೆ ಬಿತ್ತು. ಮುದ್ದೇಬಿಹಾಳಕ್ಕೆ ಕೇಂದ್ರ ಕೊಡಬೇಕೆಂಬ ಠರಾವು ಎದುರು ಮಾತಿಲ್ಲದೆ ಪಾಸಾಯಿತು. ಹೊರಗೆ ಬಂದಾಗ ಯಾರೋ ಹಿರಿಯರು ಬೆನ್ನು ತಟ್ಟಿ, "ಆ ಹುಡುಗಿಗೆ ಚೆನ್ನಾಗಿ ಬರೆಯಲು ಹೇಳಪ್ಪ" ಎಂದರು. ಹೇಳುತ್ತೇನೆ ಅಂದೆ. ರೈಲಿನಲ್ಲಿ ಜಾಗ ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತು ಬಂದೆ. ಈ ಸಲ ಹಿಗ್ಗಿಗಲ್ಲ.

ಸಿಂದಗಿಗೂ ಕೇಂದ್ರ ಬಂತು, ಕೆಲವು ವರ್ಷ ತಡವಾಗಿ. ಅಷ್ಟರಲ್ಲಿ ಪರೀಕ್ಷೆಗೆ ಕೂರದೇ ಉಳಿದ ತಂಗಿಯ ಪುಸ್ತಕಗಳು ಬೇರೆ ಹುಡುಗಿಯೊಬ್ಬಳ ಕೈ ಸೇರಿದ್ದವು.

ಆದರೆ ನನ್ನ ನೆನಪು ಬಂದು ನಿಲ್ಲುವುದು ಅದಕ್ಕೂ ಮೊದಲಿನ ಒಂದು ಮಧ್ಯಾಹ್ನದಲ್ಲಿ. ಮುದ್ದೇಬಿಹಾಳದ ಗೆಳೆಯ ಕೃತಜ್ಞತೆ ಹೇಳಲೆಂದು ಶೇಂಗಾದ ಹೋಳಿಗೆ ಕಟ್ಟಿಸಿಕೊಂಡು ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದ. ಅಮ್ಮನ ಹಾಸಿಗೆಯ ಹತ್ತಿರ ಹೋಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪಡಸಾಲೆಯಲ್ಲಿ ಕೂತ ಮೇಲೆ ತಂಗಿ ಚಹಾ ತಂದಳು.

"ಭಾಳ ಚಲೋ ಮಾತಾಡಿದಿ ಅಂತ ಕೇಳಿದ್ನೆಪಾ. ಆದ್ರ ನಿಮ್ಮ ತಂಗಿಯಂಗ ನಮ್ಮೂರಾಗ ಇರೂ ಆ ಹುಡುಗಿ ಯಾರು? ತಾಯಿಗೆ ಲಕ್ವಾ ಹೊಡದೈತಿ, ಒಲಿ ಮುಂದ ಓದ್ತಾಳ ಅಂದೆಂತ. ನಮ್ಮ ಕಾಲೇಜಿನಾಗ ಇರೂವು ಎರಡ ಹುಡುಗ್ಯಾರು, ಇಬ್ಬರ ತಾಯಿನೂ ಗಟ್ಟಿಮುಟ್ಟ ಅದಾರ" ಎಂದ.

ತಂಗಿ ಚಹಾದ ಕಪ್ಪು-ಬಸಿ ಹಿಡಿದು ಹಾಗೇ ನಿಂತಳು. ಆ ಸಾಧು ಮನುಷ್ಯ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ತಿಳಿದುಕೊಂಡ. ಸಮಾಧಾನ ಮಾಡಲು ಹೋಗಿ ಇದ್ದದ್ದನ್ನೂ ಹೇಳಿಬಿಟ್ಟ.

"ತಂಗಿ, ಅವಗೇನೂ ಅನಬ್ಯಾಡವಾ. ಅಂವ ಖುರ್ಚಿ ಬಿಟ್ರ ನಾವೆಲ್ಲಾ ಸಿಂದಗಿಗೇ ಕೈ ಎತ್ತವರಿದ್ವಿ. ಯುನಿವರ್ಸಿಟಿ ನಿಯಮದಾಗ ಬಿಡಾಕ ಬರೂದಿಲ್ಲಂತ, ಅಂವರೆ ಏನ್ ಮಾಡ್ತಾನ?"

ತಂಗಿ ಚಹಾ ಕೊಟ್ಟಳು. ಅವನು ಬಸ್ಸಿಗೆ ಹೋಗುವ ತನಕ ಮನೆಯ ಮರ್ಯಾದೆಗೆ ತಕ್ಕಂತೆ ಮಾತಾಡಿಸಿದಳು. ಆಮೇಲೆ ಗೂಟಕ್ಕೆ ತೂಗುಹಾಕಿದ್ದ ನನ್ನ ಚೀಲದಿಂದ ನಿಯಮಗಳ ಪುಸ್ತಕ ತೆಗೆದು, ನೆಲದ ಮೇಲೆ ಕೂತು, ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿದಳು. ಹದಿನಾರು ಪುಟ. ನಾನು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಲೇ ಇದ್ದೆ. ಮುಗಿದ ಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. ಸಿಟ್ಟು ಮಾಡಿದ್ದರೆ ನಾನೂ ಸಿಟ್ಟು ಮಾಡಿ ಬಚಾವಾಗುತ್ತಿದ್ದೆ. ಅವಳು ಸಿಟ್ಟು ಮಾಡಲಿಲ್ಲ.

"ಪಾಲು ಹಾಕಿದಾಂವ ಕಡೀಕ ಎತ್ತಬೇಕಲ್ಲಣ್ಣಾ. ಖುರ್ಚಿ ನೀ ಎಲ್ಲಾರಕಿಂತ ಮೊದಲ ಎತ್ಕೊಂಡಿದ್ದಿ" ಎಂದಳು.

ಒಳಗಿನಿಂದ ಅಮ್ಮ ಕರೆದಳು. ಮಗ್ಗುಲು ಬದಲಿಸುವ ಹೊತ್ತಾಗಿತ್ತು, ತಂಗಿ ಎದ್ದು ಒಳಗೆ ಹೋದಳು.