ಹಿಂದೆ ಕೂತವರ ಬಲಗೈ

ನಮ್ಮ ಪಕ್ಕದ ಮನೆಯ ರೇವಣಸಿದ್ದಪ್ಪನವರಿಗೆ ಬನಶಂಕರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಒಂದು ಲೋಟಕ್ಕೆ ಗೀರು ಬಿದ್ದರೂ ಸಹಿಸದ ಮನುಷ್ಯ, ತಮ್ಮ ಸ್ಕೂಟರಿನ ಇಂಡಿಕೇಟರ್ ಕೆಟ್ಟು ವರ್ಷಗಳಾದರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ ಶಾಂತಾದೇವಿ ಇರುತ್ತಿದ್ದರಲ್ಲ! ಬಲಕ್ಕೆ ತಿರುಗುವಾಗ ಅವರ ಬಲಗೈ, ಎಡಕ್ಕಾದರೆ ಎಡಗೈ. ಆ ಕೈ ಚಾಚಿದರೆ ಸಿಟಿ ಬಸ್ಸೂ ಬ್ರೇಕ್ ಹಾಕುತ್ತಿತ್ತು. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ಬಲಕ್ಕೆ ಕೈ ತೋರಿಸಲು ಆಗುವುದಿಲ್ಲವೆಂದು, ಐವತ್ತು ದಾಟಿದ ಮೇಲೆ ಚೂಡಿದಾರ್ ಹೊಲಿಸಿಕೊಂಡಿದ್ದರು.

ಒಮ್ಮೆ ಟ್ರಾಫಿಕ್ ಪೊಲೀಸಿನವರು ಹಿಡಿದರು. "ಬ್ರೇಕ್ ಲೈಟ್, ಇಂಡಿಕೇಟರ್ ಎರಡೂ ಇರ್ಬೇಕು ಸಾರ್, ಕಾನೂನು."

"ಬ್ರೇಕ್ ಲೈಟ್ ಉರಿಯುತ್ತೆ. ಇಂಡಿಕೇಟರ್ ಹಿಂದೆ ಕೂತಿದೆ, ನೋಡಿ."

"ಕೂತಿದೆ ಅಂತೆ! ನಾನೇನು ಗ್ಯಾಸ್ ಸಿಲಿಂಡರಾ?" ಎಂದರು ಶಾಂತಾದೇವಿ.

ಪೊಲೀಸಿನವರು ನಕ್ಕರು, ನಗುತ್ತಲೇ ದಂಡ ಹಾಕಿದರು. ಕಾನೂನಿನ ಪ್ರಕಾರ ಹೆಂಡತಿ ವಾಹನದ ಬಿಡಿಭಾಗವಲ್ಲ.

ಹೋದ ವರ್ಷ ಶಾಂತಾದೇವಿಯವರಿಗೆ ಸ್ಟ್ರೋಕ್ ಆಯಿತು. ಮಾತು ಮರಳಿತು, ಕಾಲೂ ಸುಧಾರಿಸಿತು. ಬಲಗೈ ಮಾತ್ರ ಮಡಿಲಲ್ಲೇ ಉಳಿಯಿತು. ಜಯನಗರಕ್ಕೆ ಫಿಸಿಯೋಥೆರಪಿಗೆ ಅದೇ ಸ್ಕೂಟರಿನಲ್ಲಿ ಓಡಾಟ. ಬಲಕ್ಕೆ ತಿರುಗುವುದನ್ನು ತಪ್ಪಿಸಲು ರೇವಣಸಿದ್ದಪ್ಪನವರು ಎಡಕ್ಕೆಡಕ್ಕೇ ಸುತ್ತಿ ಅರ್ಧ ಬಡಾವಣೆ ನೋಡಿಕೊಂಡು ಹೋಗುತ್ತಿದ್ದರು.

"ಇಂಡಿಕೇಟರ್ ಹಾಕಿಸ್ಬಿಡಿ ಸಾರ್" ಎಂದು ನಾನು ಕಂಡಾಗಲೆಲ್ಲ ಕೊರೆಯುತ್ತಿದ್ದೆ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನನ್ನದು ಧಾರಾಳ ಕೈ.

"ಯಾಕೆ? ಅವಳ ಕೈ ಬಂದೇ ಬರುತ್ತೆ" ಎನ್ನುತ್ತಿದ್ದರು, ಹೆಂಡತಿಗೆ ಕೇಳುವ ಹಾಗೆ.

ಮೊನ್ನೆ ಬಲಕ್ಕೆ ತಿರುಗಲೇಬೇಕಾಗಿ ಬಂದ ಒಂದು ಕಡೆ ಕಾರೊಂದು ಹಿಂದಿನಿಂದ ಬಂದು ಶಾಂತಾದೇವಿಯವರ ಮಂಡಿ ಸವರಿಕೊಂಡು ಹೋಯಿತು. ಸಂಜೆಯೇ ರೇವಣಸಿದ್ದಪ್ಪನವರು ಒಬ್ಬರೇ ಹೋಗಿ ಹೊಸ ಇಂಡಿಕೇಟರ್ ಹಾಕಿಸಿಕೊಂಡು ಬಂದರು.

ಮಾರನೆಯ ದಿನ ನಾನು ಗೇಟಿನ ಹತ್ತಿರವೇ ಇದ್ದೆ. ಶಾಂತಾದೇವಿ ಹತ್ತಿ ಕೂತರು. ಇವರು ಸ್ವಿಚ್ ಒತ್ತಿದರು. ಟಿಕ್, ಟಿಕ್.

"ಏನ್ರೀ ಅದು ಸದ್ದು?"

"ಇಂಡಿಕೇಟರ್. ಹಾಕಿಸ್ದೆ. ಕಾನೂನು ಕಣೆ, ಇರ್ಲೇಬೇಕು."

"ಇಷ್ಟು ವರ್ಷ ಇರ್ಲಿಲ್ವಾ ಕಾನೂನು?"

ಇವರು ಸ್ವಿಚ್ ಆರಿಸಿದರು.

"ಡಾಕ್ಟರ್ ನಿಮ್ ಹತ್ರ ಬೇರೆ ಏನೋ ಹೇಳಿದಾರೆ, ಅಲ್ವಾ?"

"ಛೇ, ಇಲ್ಲ ಶಾಂತಾ."

ದಿನವಿಡೀ ಗಿರಾಕಿಗಳ ಜೊತೆ ಚೌಕಾಸಿ ಮಾಡುವವರಿಗೆ ಅದೊಂದು ಸುಳ್ಳು ಸರಿಯಾಗಿ ಹೇಳಲು ಬರಲಿಲ್ಲ.

ಶಾಂತಾದೇವಿ ನಿಧಾನವಾಗಿ ಇಳಿದರು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಹಿಡಿದುಕೊಂಡರು. "ಇವತ್ತು ಬೇಡ ಬಿಡಿ. ಇದು ಬರಲ್ಲ ಅಂದ್ಮೇಲೆ, ಪಾಪ, ಆ ಫಿಸಿಯೋ ಹುಡುಗೀನ ಯಾಕೆ ಗೋಳಾಡಿಸೋದು?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರೇವಣಸಿದ್ದಪ್ಪನವರು ಸ್ಕೂಟರಿನ ಮೇಲೇ ಕೂತಿದ್ದರು. ನನ್ನ ಕಡೆ ತಿರುಗಿ, "ಹಾಕಿಸಿದ್ದು ತಪ್ಪಾಯ್ತಾ ಸಾರ್?" ಎಂದು ಕೇಳಿದರು.

"ಕಾನೂನು ಪ್ರಕಾರ ಸರಿ" ಎಂದೆ. ನನಗೆ ಹೊಳೆದದ್ದು ಅಷ್ಟೇ.