ಡಬ್ಬದ ಕ್ಯಾಮೆರಾದ ಡ್ರಾಯಿಂಗ್ ಮೇಡಂ

ಹೋದ ಭಾನುವಾರ ಮಗಳು ಗೋಬಿ ಮಂಚೂರಿ ಮಾಡುತ್ತೇನೆಂದು ಹಟ ಹಿಡಿದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಅಡುಗೆಮನೆ ತುಂಬಿತು. ನಾನು ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಬಟ್ಟೆ ಕಟ್ಟಿ ಕತ್ತಲು ಮಾಡಿದ ಒಂದು ಬಚ್ಚಲುಮನೆ, ಅದರೊಳಗೊಂದು ಕೆಂಪು ಬಲ್ಬು, ನೆಲದ ಮೇಲೆ ಸಾಲಾಗಿಟ್ಟ ಪ್ಲಾಸ್ಟಿಕ್ ಟ್ರೇಗಳು… ನಡುವಿನ ಟ್ರೇಯಲ್ಲಿ ನೀರು ಬೆರೆಸಿದ ಇದೇ ವಿನೆಗರ್. "ಬಾಗಿಲು ಸರಿಯಾಗಿ ಹಾಕೇ, ಬೆಳಕು ಬರ್ತಿದೆ" ಎನ್ನುವ ಗದರಿಕೆ ಕಿವಿಯ ಪಕ್ಕದಲ್ಲೇ ಕೇಳಿಸಿದಂತಾಯಿತು.

ಹಾಗೆ ಗದರುತ್ತಿದ್ದವರು ನಮಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದರು. ಗಂಡನನ್ನು ತಿಪಟೂರಿನಲ್ಲಿ ಬಿಟ್ಟು ಒಬ್ಬರೇ ಅರಸೀಕೆರೆಗೆ ಬಂದವರು. ಯಾಕೆ ಬಿಟ್ಟರೆಂದು ಊರು ಹಲವು ಕತೆ ಕಟ್ಟಿತ್ತು. ಅವರು ಒಂದನ್ನೂ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಾವು ಓದುತ್ತಿದ್ದಾಗ ಒಮ್ಮೆ ಸೂರ್ಯಗ್ರಹಣ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದರೆ ಇವರು ನಮ್ಮನ್ನೆಲ್ಲ ಶಾಲೆಗೆ ಕರೆಸಿ, ರಟ್ಟಿನ ಪೆಟ್ಟಿಗೆಗೆ ಸೂಜಿಯಲ್ಲಿ ತೂತು ಮಾಡಿ, ಒಳಗಿನ ಬಿಳಿ ಹಾಳೆಯ ಮೇಲೆ ಕಚ್ಚಿದ ರೊಟ್ಟಿಯಂಥ ಸೂರ್ಯನನ್ನು ತೋರಿಸಿದರು. ಮರುದಿನ ತಾಯಂದಿರ ಒಂದು ಗುಂಪು ಜಗಳಕ್ಕೆ ಬಂತು. ಮೇಡಂ ಆ ತಾಯಂದಿರ ಕೈಗೂ ಪೆಟ್ಟಿಗೆ ಕೊಟ್ಟು, "ಇವತ್ತು ಪೂರ್ತಿ ಸೂರ್ಯ ಇದಾನೆ, ನೋಡ್ಕೊಂಡು ಹೋಗಿ" ಎಂದರಂತೆ.

ನನ್ನ ಡಿಗ್ರಿ ಮುಗಿಯುವ ಹೊತ್ತಿಗೆ ಅಪ್ಪನ ಎಸ್‌ಟಿಡಿ ಬೂತು ಸೊರಗತೊಡಗಿತ್ತು. ರೈಲ್ವೆ ಸ್ಟೇಷನ್ ರಸ್ತೆಯ ಆ ಮಳಿಗೆಗೇ ಹಳೆಯ ಕಂಪ್ಯೂಟರುಗಳನ್ನು ತಂದು ಹಾಕಿ, ಇಂಟರ್‌ನೆಟ್ ಸೆಂಟರ್ ಎಂದು ಬೋರ್ಡು ಬರೆಸಿ ನನ್ನನ್ನು ಕೂರಿಸಿದರು. ಬರುವವರೆಲ್ಲ ರಿಸಲ್ಟ್ ನೋಡಲು ಬರುವ ಹುಡುಗರು. ಒಂದು ಸಂಜೆ ಮೇಡಂ ಬಂದರು. ಗ್ರಹಣದ ಪೆಟ್ಟಿಗೆಯ ಹುಚ್ಚು ಅವರನ್ನು ಬಿಟ್ಟಿರಲಿಲ್ಲ. ಪೆಟ್ಟಿಗೆಯೊಳಗೆ ಬೀಳುವ ಚಿತ್ರವನ್ನು ಫೋಟೊ ಕಾಗದದ ಮೇಲೆ ಹಿಡಿಯಬಹುದೆಂದು ಎಲ್ಲೋ ಓದಿದ್ದರು. ಹೇಗೆಂದು ಹೇಳಿಕೊಡುವವರು ಇಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಹುಡುಕಿದೆವು. ಆಗಿನ ನೆಟ್ಟು ಒಂದು ಪುಟ ತೆರೆಯುವಷ್ಟರಲ್ಲಿ ಎದುರಿನ ಹೋಟೆಲಿನಿಂದ ಕಾಫಿ ತರಿಸಿ ಕುಡಿದು ಮುಗಿಸಬಹುದಿತ್ತು. ಕೊನೆಗೆ ಸಿಕ್ಕಿದ್ದು ಒಂದು ಫೋರಂ. ಲೆನ್ಸ್ ಇಲ್ಲದ ಕ್ಯಾಮೆರಾದಲ್ಲಿ, ಬರೀ ಸೂಜಿತೂತಿನಿಂದ ಫೋಟೊ ತೆಗೆಯುವವರು ದೇಶದೇಶಗಳಿಂದ ಬಂದು ಮಾತಾಡುತ್ತ ಕೂರುವ ಜಗಲಿ ಅದು. ಒಳಗೆ ಹೋಗಲು ಒಂದು ಹೆಸರಿಟ್ಟುಕೊಳ್ಳಬೇಕಿತ್ತು.

"ನಿಜವಾದ್ದು ಬೇಡ ಮೇಡಂ, ಏನಾದ್ರೂ ಒಂದು ಹೇಳಿ."

"ತೂತು ಅಂತ ಹಾಕು."

"ಅಯ್ಯೋ, ಚೆನ್ನಾಗಿರಲ್ಲ ಮೇಡಂ."

"ಯಾಕೆ ಚೆನ್ನಾಗಿರಲ್ಲ? ಆ ಕ್ಯಾಮೆರಾದಲ್ಲಿರೋದೇ ಅದೊಂದು. ಹಾಕೇ."

ಹಾಕಿದೆ. ಅಂದಿನಿಂದ ಯಾವ ಯಾವುದೋ ದೇಶದ ಜನ ಅವರಿಗೆ 'ಡಿಯರ್ ಮಿಸ್ ತೂತು' ಎಂದು ಬರೆಯತೊಡಗಿದರು. ನಾನು ನಗು ತಡೆಯಲಾರದೆ ಹೊರಗೆ ಹೋಗುತ್ತಿದ್ದೆ. ಮೇಡಂ ಮಾತ್ರ ಬಿಗಿಯಾಗಿ ಕೂತು ಎರಡೇ ಬೆರಳಲ್ಲಿ ಉತ್ತರ ಕುಟ್ಟುತ್ತಿದ್ದರು.

ಅಲ್ಲಿಂದಲೇ ಕಲಿತರು. ಹಾಲಿನ ಪುಡಿಯ ಡಬ್ಬಕ್ಕೆ ಒಳಗೆಲ್ಲ ಕಪ್ಪು ಬಣ್ಣ, ತಗಡಿನ ಚೂರಿಗೆ ಸೂಜಿಯ ಮೊನೆಯಷ್ಟು ತೂತು, ಅದರ ಮೇಲೆ ಕಪ್ಪು ಟೇಪಿನ ಒಂದು ತುಂಡು. ಆ ತುಂಡನ್ನು ಎತ್ತಿದರೆ ಬೆಳಕು ಒಳಗೆ, ಅಂಟಿಸಿದರೆ ಬಂದ್. ಬಿಸಿಲಿನಲ್ಲಾದರೆ ನಿಮಿಷಗಳ ಲೆಕ್ಕ. ಗುಡಿಯ ಒಳಗಿನ ಮಬ್ಬಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ನಮ್ಮೂರಿನ ಈಶ್ವರನ ಗುಡಿ, ಹುಲಿಕೆರೆಯ ಕಲ್ಯಾಣಿ, ಬೇಲೂರಿನ ಪ್ರಾಕಾರ… ರಜೆಯ ದಿನವೆಲ್ಲ ಚೀಲದಲ್ಲಿ ಡಬ್ಬ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ರಾತ್ರಿ ಬಚ್ಚಲಿನ ಕತ್ತಲಲ್ಲಿ, ಔಷಧಿಯ ಟ್ರೇಗಳಲ್ಲಿ ಅದ್ದಿ ತೊಳೆದಾಗ ಕಾಗದದ ಮೇಲೆ ಮೂಡುತ್ತಿದ್ದುದು ಮಂಜಿನೊಳಗಿಂದ ನೋಡಿದಂಥ ಕಲ್ಲು. ಅಷ್ಟು ಹೊತ್ತು ಒಂದೆಡೆ ನಿಲ್ಲದೆ ಓಡಾಡುವ ಜನ ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಕಲ್ಯಾಣಿಯ ಮೆಟ್ಟಿಲುಗಳು ಮಾತ್ರ ಒಂದರ ಕೆಳಗೊಂದು ಇಳಿದು ಕಪ್ಪಾಗುತ್ತಿದ್ದವು. ನಾನು ಸ್ಕ್ಯಾನ್ ಮಾಡಿ ಏರಿಸುತ್ತಿದ್ದೆ.

ಫೋರಂನಲ್ಲಿ ಎಲ್ಲರೂ ಒಳ್ಳೆಯವರಿರಲಿಲ್ಲ. ಅಲ್ಲೂ ಹಿರಿತನ, ಗುಂಪು, ಜಗಳ ಎಲ್ಲ ಇದ್ದವು. ಯಾರ ಚಿತ್ರ ಎಲ್ಲಿರಬೇಕೆಂದು ನಿರ್ಧರಿಸುವ ಒಬ್ಬ ಹಿರಿಯ ಸದಸ್ಯನಿದ್ದ. ಅವನು ಮೇಡಂ ಚಿತ್ರಗಳನ್ನು ನೋಡಿ, ಇವು ಮಸುಕಾಗಿವೆ, ಕಲೆಯ ವಿಭಾಗಕ್ಕೆ ತಕ್ಕವಲ್ಲ ಎಂದು ಬರೆದು ಶಾಲಾಮಕ್ಕಳ ವಿಭಾಗಕ್ಕೆ ಸರಿಸಿಬಿಟ್ಟ. ನನಗೆ ಉರಿದುಹೋಯಿತು. ಬೇರೆ ಫೋರಂ ಹುಡುಕೋಣ ಎಂದೆ.

"ಬೇಡ. ನಾನು ಮಕ್ಕಳ ಟೀಚರ್ ತಾನೆ? ಅಲ್ಲೇ ಇರ್ತೀನಿ. ನೋಡಬೇಕು ಅನ್ಸಿದೋರು ಅಲ್ಲಿಗೇ ಬರಲಿ."

ಹಾಗೆಂದೇ ಇಂಗ್ಲಿಷಿನಲ್ಲಿ ಅವನಿಗೆ ಬರೆದರು. ಮುಂದೆ ತೆಗೆದದ್ದನ್ನೆಲ್ಲ ಮಕ್ಕಳ ವಿಭಾಗಕ್ಕೇ ಹಾಕುತ್ತ ಹೋದರು. ಒಬ್ಬೊಬ್ಬರಾಗಿ ದೊಡ್ಡವರು ಅಲ್ಲಿಗೆ ಬಂದು ಮಾತಾಡತೊಡಗಿದರು. ಮಳೆಗಾಲ ಕಳೆಯುವಷ್ಟರಲ್ಲಿ ಆ ಫೋರಂನ ಅತ್ಯಂತ ಗದ್ದಲದ ಮೂಲೆ ಅದೇ ಆಗಿತ್ತು.

ಇತ್ತ ಮನೆಯಲ್ಲೂ ಕಾಟ. ಅವರು ಬಾಡಿಗೆಗಿದ್ದದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಮಹಡಿಯಲ್ಲಿ. ಬಚ್ಚಲಿನ ಕಿಟಕಿಯ ಸಂದಿಯಿಂದ ಕೆಂಪು ಬೆಳಕು, ಜೊತೆಗೆ ಆ ಹುಳಿ ವಾಸನೆ. ಮಾಟ ಮಾಡುತ್ತಾರೆಂದು ಕೇರಿಯಲ್ಲಿ ಸುದ್ದಿಯಾಯಿತು. ವ್ಯಾಪಾರಿ ಮೆಟ್ಟಿಲ ಕೆಳಗೆ ನಿಂತೇ ಕೇಳಿದರು: "ಏನ್ ಮೇಡಂ, ಜನ ಏನೇನೋ ಅಂತವ್ರೆ. ಒಳಗೆ ಅದೇನೈತೆ?" ಮೇಡಂ ಆ ವ್ಯಾಪಾರಿಯನ್ನೇ ಮೇಲೆ ಕರೆದು, ಬಚ್ಚಲಲ್ಲಿ ನಿಲ್ಲಿಸಿ, ಬಾಗಿಲು ಹಾಕಿ, ಟ್ರೇಯೊಳಗಿನ ಬಿಳಿ ಕಾಗದದಲ್ಲಿ ಅವರದೇ ಮನೆಯ ಮುಂಬಾಗಿಲು ನಿಧಾನವಾಗಿ ಮೂಡುವುದನ್ನು ತೋರಿಸಿದರು. "ಶಿವಶಿವಾ!" ಎಂದಷ್ಟೇ ಹೇಳಿ ಅವರು ಕೆಳಗಿಳಿದರಂತೆ. ಮತ್ತೆಂದೂ ಆ ಮಾತೆತ್ತಲಿಲ್ಲ.

ಆ ವರ್ಷ ಫೋರಂನವರು ಒಂದು ದಿನ ಗೊತ್ತುಮಾಡಿದ್ದರು. ಎಲ್ಲ ಸದಸ್ಯರೂ ಅದೇ ದಿನ ತಮ್ಮ ತಮ್ಮ ಊರಿನಲ್ಲಿ ಒಂದು ಚಿತ್ರ ತೆಗೆದು ಹಾಕಬೇಕು. ಮೇಡಂ ಆರಿಸಿದ್ದು ಹಳೇಬೀಡಿನ ಗುಡಿಯ ಒಳಗಿನ ಕಡೆದ ಕಂಬಗಳನ್ನು. ಮಳಿಗೆಗೆ ಅಪ್ಪನನ್ನು ಕೂರಿಸಿ ನಾನೂ ಹೊರಟೆ. ಬಾಣಾವರ, ಜಾವಗಲ್ ದಾರಿಯ ಬಸ್ಸು. ಒಂದು ಕಂಬದ ಬುಡದ ಮೂಲೆಯಲ್ಲಿ ಡಬ್ಬವನ್ನಿಟ್ಟು, ಟೇಪು ಎತ್ತಿ, ನಾವು ಹೊರಗೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚಿದೆವು.

ತಿಂದು ಕೈ ತೊಳೆದಿರಲಿಲ್ಲ, ಒಳಗಿಂದ ಕೂಗು ಕೇಳಿಸಿತು. ಯಾರೋ ಪ್ರವಾಸಿ ಕಪ್ಪು ಟೇಪು ಅಂಟಿದ ಡಬ್ಬ ಕಂಡು ಬಾಂಬು ಎಂದಿದ್ದ. ಜನ ಚಪ್ಪಲಿ ಬಿಟ್ಟಲ್ಲೇ ಬಿಟ್ಟು ಓಡಿ ಬಂದರು. ಕಾವಲಿನವನು ಸೀಟಿ ಊದಿದ. ಪೊಲೀಸ್ ದಫೇದಾರರು ಬಂದು ಎಲ್ಲರನ್ನೂ ದೂರ ಸರಿಸತೊಡಗಿದರು. ನನಗಂತೂ ಹೇಳದೆ ಬಸ್ಸು ಹತ್ತಿಬಿಡೋಣ ಅನ್ನಿಸಿದ್ದು ನಿಜ. ಮೇಡಂ ಸೆರಗು ಸಿಕ್ಕಿಸಿಕೊಂಡು ನೇರ ದಫೇದಾರರ ಮುಂದೆ ನಿಂತರು.

"ಅದು ನಂದು. ಯಾರೂ ಮುಟ್ಟಬೇಡಿ."

"ಏನಮ್ಮಾ ಅದು?"

"ಕ್ಯಾಮೆರಾ."

"ಲೆನ್ಸ್ ಎಲ್ಲೈತೆ?"

"ಇಲ್ಲ."

"ಬಟನ್ನು?"

"ಅದೂ ಇಲ್ಲ. ನಾನೇ ಹೋಗಿ ತರ್ತೀನಿ. ಸಿಡಿದ್ರೆ ನನ್ನ ಕೈಲೇ ಸಿಡೀಲಿ."

ಯಾರಾದರೂ ತಡೆಯುವ ಮೊದಲೇ ಒಳಗೆ ಹೋದರು. ಟೇಪು ಅಂಟಿಸಿ, ಡಬ್ಬವನ್ನು ಕೂಸಿನಂತೆ ಎದೆಗವಚಿಕೊಂಡು ಬಿಸಿಲಿಗೆ ಬಂದರು. ದಫೇದಾರರು ಬಿಚ್ಚಿ ತೋರಿಸಲು ಹೇಳಿದರು. ಮೇಡಂ ಒಪ್ಪಲಿಲ್ಲ. "ಬೆಳಕು ಬಿದ್ರೆ ಚಿತ್ರ ಹೋಗುತ್ತೆ. ಅರಸೀಕೆರೆಗೆ ಬನ್ನಿ, ಕತ್ತಲಲ್ಲಿ ತೆಗೆದು ತೋರಿಸ್ತೀನಿ." ನೆರೆದವರು ಗೊಳ್ಳೆಂದು ನಕ್ಕರು. ಆ ನಗು ದಫೇದಾರರನ್ನು ಕೆರಳಿಸಿತು. ಡಬ್ಬ ಕಿತ್ತುಕೊಂಡು ಮುಚ್ಚಳ ಎಳೆದೇಬಿಟ್ಟರು. ಒಳಗೆ ಒಂದು ಬಿಳಿ ಹಾಳೆ. "ಥೂ, ಖಾಲಿ ಕಾಗ್ದ!" ಎಂದರು. ನಾವು ನೋಡುತ್ತಿದ್ದಂತೆಯೇ ಬಿಸಿಲಿಗೆ ಆ ಹಾಳೆ ನೇರಳೆಗೆ ತಿರುಗಿತು. ಮೇಡಂ ಅಳಲಿಲ್ಲ. ಕೈ ಚಾಚಿ, "ಕಾಗದ ಕೊಡಿ, ನಂದು" ಎಂದರು.

ಠಾಣೆಯಲ್ಲಿ ಸಂಜೆಯವರೆಗೆ ಕೂರಿಸಿದರು. ಹೆಸರು ಬರೆದುಕೊಂಡ ಮೇಲೆ ಗಂಡನ ಹೆಸರು ಕೇಳಿದರು.

"ತಪ್ಪು ನನ್ನ ಮೇಲೋ, ಗಂಡನ ಮೇಲೋ?"

ಬರೆಯುತ್ತಿದ್ದವರು ಆ ಜಾಗ ಖಾಲಿ ಬಿಟ್ಟರು.

ಸುದ್ದಿ ನಮಗಿಂತ ಮೊದಲು ಅರಸೀಕೆರೆ ತಲುಪಿತ್ತು. ಶಾಲೆಯ ಕಾರ್ಯದರ್ಶಿ ಮೇಡಂ ಅವರನ್ನು ಕರೆಸಿ, ಇನ್ನು ಮುಂದೆ ಡಬ್ಬ ಗಿಬ್ಬ ಇಟ್ಟುಕೊಂಡು ತಿರುಗುವುದಿಲ್ಲವೆಂದು ಬರೆದುಕೊಡಲು ಹೇಳಿದರು. ಬರೆಯದಿದ್ದರೆ ಕೆಲಸಕ್ಕೆ ಕುತ್ತು ಎಂಬ ಸೂಚನೆಯೂ ಇತ್ತು. ಅವರು ಕೊಟ್ಟ ಉತ್ತರವನ್ನು ಅದೇ ಸಂಜೆ ಮಳಿಗೆಯಲ್ಲಿ ನನಗೆ ಹೇಳಿದರು: "ಡ್ರಾಯಿಂಗ್ ಟೀಚರ್ ಚಿತ್ರ ತೆಗೆಯಲ್ಲ ಅಂತ ಬರೆದುಕೊಟ್ರೆ ನಾಳೆಯಿಂದ ನಂಗೆ ಇಲ್ಲೇನು ಕೆಲಸ ಸಾರ್, ಅಂದೆ ಕಣೇ." ಕೆಲಸ ತೆಗೆಯುವ ಧೈರ್ಯ ಆಡಳಿತದವರಿಗೆ ಬರಲಿಲ್ಲ. ಡ್ರಾಯಿಂಗ್ ಕೊಠಡಿಯನ್ನು ಮಾತ್ರ ಉಗ್ರಾಣ ಮಾಡಿ ಬೀಗ ಹಾಕಿದರು. ಮೇಡಂ ಮಕ್ಕಳನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು, ನಿವೃತ್ತಿಯವರೆಗೂ ಅಲ್ಲೇ ಪಾಠ ಮಾಡಿದರು.

ಬಾಂಬಿನ ಗಲಾಟೆಯ ಮುಂದಿನ ಭಾನುವಾರವೇ ಮೇಡಂ ಮತ್ತೆ ಹಳೇಬೀಡಿಗೆ ಹೋದರು. ಡಬ್ಬದ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 'ಇದು ಕ್ಯಾಮೆರಾ' ಎಂದು ಬರೆದಿದ್ದರು. ಠಾಣೆಗೇ ಮೊದಲು ಹೋಗಿ, ಮೇಜಿನ ಮೇಲೆ ಇಟ್ಟು ತೋರಿಸಿ, ಆಮೇಲೆ ಗುಡಿಗೆ ಹೋದರಂತೆ.

ಹಾಳಾದ ಆ ಕಾಗದವನ್ನೂ ಬಿಡಲಿಲ್ಲ. ಎಲ್ಲ ಟ್ರೇಗಳಲ್ಲೂ ಅದ್ದಿ ತೊಳೆದರು. ಪೂರ್ತಿ ಕಪ್ಪಾಯಿತು. ಅದನ್ನೇ ಸ್ಕ್ಯಾನ್ ಮಾಡಲು ಹೇಳಿದರು. "ಇದರಲ್ಲೇನಿದೆ ಮೇಡಂ?" ಎಂದೆ. "ಅವತ್ತು ಆ ಅಂಗಳದಲ್ಲಿದ್ದ ಬೆಳಕೆಲ್ಲ ಇದೆ. ಹಾಕು." ಫೋರಂನಲ್ಲಿ ನಡೆದದ್ದನ್ನು ನಡೆದಂತೆ ಬರೆದರು, ಯಾರನ್ನೂ ಬೈಯದೆ. ನೋಡಿದವರೆಲ್ಲ ಏನೇನೋ ಬರೆದರು. ಆ ಹಿರಿಯ ಸದಸ್ಯನೂ ಬಂದ. ಈ ಚಿತ್ರವನ್ನು ಕಲೆಯ ವಿಭಾಗಕ್ಕೆ ಸರಿಸಲೇ ಎಂದು ಕೇಳಿದ. ಮೇಡಂ, "ಬೇಡ, ಮಕ್ಕಳ ಜೊತೆಯಲ್ಲೇ ಇರಲಿ" ಎಂದು ಉತ್ತರಿಸಿದರು.

ಆ ನವೆಂಬರಿನಲ್ಲಿ ಊರಿನ ಸ್ಟುಡಿಯೊದವರು ಫೋಟೊ ಪ್ರದರ್ಶನ ಇಟ್ಟರು. ಕ್ಯಾಮೆರಾ ಇಲ್ಲದವರಿಗೆ ಅವಕಾಶವಿಲ್ಲವೆಂದು ಮೇಡಂ ಚಿತ್ರಗಳನ್ನು ವಾಪಸ್ಸು ಕಳಿಸಿದರು. ನಾನು ಮಳಿಗೆಯಲ್ಲಿ ತಂತಿ ಎಳೆದೆ. ಬಟ್ಟೆ ಕ್ಲಿಪ್ಪು ಹಾಕಿ ಎಲ್ಲವನ್ನೂ ತೂಗುಬಿಟ್ಟೆವು, ನಟ್ಟನಡುವೆ ಆ ಕಪ್ಪು ಹಾಳೆ. ಕುತೂಹಲಕ್ಕೆ ಬಂದವರೇ ಹೆಚ್ಚು. ಒಂದು ಮಧ್ಯಾಹ್ನ ಸಾದಾ ಬಟ್ಟೆಯಲ್ಲಿ ಒಬ್ಬರು ಬಂದು ಕಪ್ಪು ಹಾಳೆಯ ಮುಂದೆ ನಿಂತೇ ಇದ್ದರು. ನೋಡಿದರೆ ಅದೇ ದಫೇದಾರರು.

"ಇದು ನಾನು ತೆಗ್ದಿದ್ದಲ್ವಾ ಮೇಡಂ?"

"ಹೂಂ. ನಿಮ್ಮ ಹೆಸರೂ ಹಾಕಬೇಕಿತ್ತು, ಮರೆತೆ."

ಅವರು ತಲೆ ಕೆರೆದುಕೊಂಡು ನಕ್ಕರು. ಮೇಡಂ ನಗಲಿಲ್ಲ. ಆದರೆ ಕಾಫಿ ತರಿಸಿದರು.

ಆಮೇಲಿನದು ಬೇಗ ಮುಗಿಯುವ ಕತೆ. ಡಿಜಿಟಲ್ ಬಂದು, ಹಾಸನದಲ್ಲೂ ಆ ಫೋಟೊ ಕಾಗದ ಸಿಗುವುದು ನಿಂತಿತು. ಇದ್ದ ಪ್ರಿಂಟುಗಳನ್ನೆಲ್ಲ ಮೇಡಂ ಫೋರಂನ ಗೆಳೆಯರಿಗೆ ಅಂಚೆಯಲ್ಲಿ ಒಂದೊಂದಾಗಿ ಕಳಿಸಿದರು. ಕಪ್ಪು ಹಾಳೆಯನ್ನು ಆ ಹಿರಿಯ ಸದಸ್ಯ ಕೇಳಿ ಪಡೆದ. ನಿವೃತ್ತಿಯ ಮೇಲೆ ಬೇಲೂರಿನ ತಂಗಿಯ ಮನೆಗೆ ಹೋದರು, ಕೆಲವು ವರ್ಷಗಳಲ್ಲಿ ಕಾಯಿಲೆಯಾಗಿ ತೀರಿಕೊಂಡರು. ನನಗೆ ಸುದ್ದಿ ತಿಳಿದಾಗ ತಿಥಿಯೂ ಮುಗಿದಿತ್ತು. ಡಬ್ಬಗಳನ್ನು ಹಳೇ ಸಾಮಾನಿನವನಿಗೆ ಹಾಕಿದೆವಮ್ಮ ಎಂದರು ತಂಗಿ. ನಮ್ಮ ಇಂಟರ್‌ನೆಟ್ ಸೆಂಟರ್ ಈಗ ಮೊಬೈಲ್ ಕವರಿನ ಅಂಗಡಿ. ಆ ಫೋರಂ ಕೂಡ ಇಲ್ಲ; ವಿಳಾಸ ಒತ್ತಿದರೆ ಬರೀ ಖಾಲಿ ಪುಟ ಬರುತ್ತದೆ. ಅಷ್ಟು ಮಾತು, ಅಷ್ಟು ಜಗಳ, ಅಷ್ಟು ಚಿತ್ರ… ಎಲ್ಲ ಎಲ್ಲಿ ಹೋದವೋ.

ಈ ವರ್ಷ ಶಾಲೆಯವರು ಹಿಂದಿನ ಶಿಕ್ಷಕರ ಫೋಟೊಗಳನ್ನು ವರಾಂಡದ ಗೋಡೆಗೆ ಹಾಕಿದರು. ಅಲ್ಲಿ ಮೇಡಂ ಇರಲಿಲ್ಲ. ಕೇಳಿದ್ದಕ್ಕೆ ಈಗಿನ ಕಾರ್ಯದರ್ಶಿ, "ಅವರದ್ದೊಂದೂ ಫೋಟೊ ಸಿಗಲಿಲ್ಲ ಅಕ್ಕ, ಅದಕ್ಕೇ ಬಿಟ್ವಿ" ಎಂದ. ಸಿಗುವುದೂ ಇಲ್ಲ. ಅವರು ಯಾರ ಮುಂದೆಯೂ ಫೋಟೊಗೆ ನಿಂತವರಲ್ಲ.

"ಫೋಟೊ ಇಲ್ಲದಿದ್ರೆ ಹೆಸರು ಬರೆಸಿ."

"ಸಾಲಿನಲ್ಲಿ ಚೆನ್ನಾಗಿ ಕಾಣಲ್ಲ ಅಕ್ಕ."

"ಬರೆಸೋವರೆಗೂ ನಾನು ಇಲ್ಲೇ ಕೂತಿರ್ತೀನಿ" ಎಂದು ಆಫೀಸಿನ ಬೆಂಚಿನ ಮೇಲೆ ಕೂತೆ. ಮೊದಲ ದಿನ ನಕ್ಕರು. ಮರುದಿನವೂ ಹೋಗಿ ಕೂತಾಗ ಪೇಂಟರನ್ನು ಕರೆಸಿದರು.

ಈಗ ಆ ಸಾಲಿನಲ್ಲಿ ಅವರ ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಶಾಲೆಗೇ ಹೋಗಿ ಓದಿಕೊಳ್ಳಲಿ. ಬಣ್ಣ ಒಣಗುವವರೆಗೂ ನಾನು ಅದರ ಮುಂದೆ ನಿಂತಿದ್ದೆ. ಅವರ ಧ್ವನಿ ನೆನಪಿದೆ, ಕನ್ನಡಕದ ದಪ್ಪ ಕಟ್ಟು ನೆನಪಿದೆ, ಟ್ರೇಗಳ ಔಷಧಿಗೆ ಕಂದಿದ ಬೆರಳ ತುದಿಗಳೂ ನೆನಪಿವೆ. ಮುಖ ಮಾತ್ರ, ಎಷ್ಟು ಪ್ರಯತ್ನಪಟ್ಟರೂ, ಈಗ ಪೂರ್ತಿಯಾಗಿ ನೆನಪಾಗುವುದಿಲ್ಲ…