ಬಲಸೊಂಟದ ಸುತ್ತ ಒಂದು ಗೇಣು

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವರಿಗೆ ಗೊತ್ತು, ಲೇಡೀಸ್ ಡಬ್ಬಿಯಲ್ಲಿ ಉಸಿರು ಬಿಡುವುದಕ್ಕೂ ಪಕ್ಕದವಳ ಒಪ್ಪಿಗೆ ಬೇಕು. ಅಂಥ ಡಬ್ಬಿಯಲ್ಲೂ ನನ್ನ ಬಲಸೊಂಟದ ಸುತ್ತ ಒಂದು ಗೇಣು ಜಾಗ ಯಾವಾಗಲೂ ಖಾಲಿ. ಹೊಸಬರು ಆ ಜಾಗ ಕಂಡು ಖುಷಿಯಿಂದ ನುಗ್ಗುತ್ತಾರೆ, ಕಣ್ಣು ಕೆಳಗಿಳಿಸುತ್ತಾರೆ, ಬಂದ ದಾರಿಯಲ್ಲೇ ಹಿಂದಕ್ಕೆ ಒತ್ತಿಕೊಂಡು ಹೋಗುತ್ತಾರೆ. ಅಲ್ಲಿ ತೊಗಲಿನ ಚೀಲದೊಳಗೆ ನನ್ನ ಪಿಸ್ತೂಲು ಇರುತ್ತದೆ.

ನಾನು ಮಾಜಿವಾಡಾದ ಒಬ್ಬ ಬಿಲ್ಡರ್ ಮೇಡಂಗೆ ಬಾಡಿಗಾರ್ಡ್. ವಿಜಯಪುರದ ಕಡೆಯವಳು. ಸುಮಾರು ವರ್ಷ ಯೂನಿಫಾರ್ಮಿನ ನೌಕರಿ ಮಾಡಿ, ಮಗಳು ಹುಟ್ಟಿದ ಮೇಲೆ ಬಿಟ್ಟು ಬಂದೆ. ಗಂಡ ಕೋಪರಖೈರಣೆಯಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಅವನ ಕಥೆ ಇಲ್ಲಿ ಬೇಡ, ಅವನಿಗೆ ಅಷ್ಟು ಯೋಗ್ಯತೆ ಇಲ್ಲ. ಮನೆಯಲ್ಲಿ ನಾನು, ನನ್ನವ್ವ, ಎರಡನೇ ಕ್ಲಾಸಿನ ಮಗಳು, ಮೂರೇ ಜನ.

ನನ್ನ ಪಿಸ್ತೂಲು ಹಳೇ ರೀತಿಯದು. ಬರೀ ಬೆರಳು ಒತ್ತಿದರೆ ಅದು ಸಿಡಿಯುವುದಿಲ್ಲ. ಮೊದಲು ಹಿಂಬದಿಯ ಕುದುರೆಯನ್ನು, ಎಂದರೆ ಗುಂಡಿಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು, ಹಿಂದಕ್ಕೆ ಎಳೆದು ನಿಲ್ಲಿಸಿರಬೇಕು. ಆಪತ್ತಿನಲ್ಲಿ ಅದನ್ನು ಎಳೆಯುತ್ತ ಕೂರಲು ಆಗುವುದಿಲ್ಲವಾದ್ದರಿಂದ, ಎಳೆದೇ ಇಟ್ಟು, ಸೇಫ್ಟಿಯ ಚಿಕ್ಕ ಪಟ್ಟಿಯನ್ನು ಮೇಲಕ್ಕೆ ಏರಿಸಿ, ಚೀಲಕ್ಕೆ ಹಾಕುವುದು ನಾನು ಕಲಿತ ಪದ್ಧತಿ. ಸೇಫ್ಟಿ ಏರಿಸಿದ್ದರೆ ಬೆರಳು ಎಷ್ಟು ಒತ್ತಿದರೂ ಏನೂ ಆಗದು. ಆದರೆ ನೋಡುವವರ ಕಣ್ಣಿಗೆ ಸೇಫ್ಟಿ ಬೀಳುವುದಿಲ್ಲ. ಹಿಂದಕ್ಕೆ ಬಾಗಿ ಕಚ್ಚಲು ಕಾದಂತಿರುವ ಕುದುರೆಯಷ್ಟೇ ಕಾಣುತ್ತದೆ. ಅಂಗಿಯ ಮೇಲೆ ಜಾಕೆಟ್ ಹಾಕಿಕೊಳ್ಳುತ್ತೇನೆಂದು ಒಮ್ಮೆ ಕೇಳಿ ನೋಡಿದೆ. ಮೇಡಂ ನಕ್ಕುಬಿಟ್ಟರು. ಕಾಣದ ಪಿಸ್ತೂಲಿಗೆ ಯಾರು ಹೆದರುತ್ತಾರೆ, ಹೆದರದಿದ್ದರೆ ನೀನು ಯಾಕೆ, ಎಂದು ಹಿಂದಿಯಲ್ಲಿ ಕೇಳಿದರು. ನಿಜವೇ.

ಹೀಗಾಗಿ ಇಷ್ಟು ವರ್ಷ ಅಪರಿಚಿತರು ನನ್ನ ಮುಖ ನೋಡುವ ಮೊದಲು ಸೊಂಟ ನೋಡಿದ್ದಾರೆ. ಹೆಚ್ಚಿನವರು ಮುಖದವರೆಗೆ ಬರುವುದೇ ಇಲ್ಲ. ಖಾರಘರದ ಸೈಟಿನ ಲಿಫ್ಟಿನಲ್ಲಿ ಒಬ್ಬ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು, "ಶೂಟಿಂಗ್ ಚಲ್ ರಹೀ ಹೈ ಕ್ಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋಟೋ ಹೊಡೆದುಕೊಂಡ. ಫೋಟೋದಲ್ಲಿ ನನ್ನ ತಲೆ ಇರಲಿಲ್ಲ. ಕಲ್ಯಾಣದ ಸ್ಟೇಷನ್ ಸೇತುವೆ ಮೇಲೆ ಬ್ಯಾಂಕಿನ ಬ್ಯಾಗು ತೂಗುಹಾಕಿಕೊಂಡ ಗಂಡಸೊಬ್ಬ ತೀರಾ ಹತ್ತಿರ ಬಂದು, "ಮ್ಯಾಡಂ, ಘೋಡಾ ಪೀಛೆ ಹೈ" ಎಂದು ಹಿಂದಕ್ಕೆ ಬಾಗಿದ ಕುದುರೆ ತೋರಿಸಿ ಪಿಸುಗುಟ್ಟಿದ, ಸೀರೆಯ ಸೆರಗು ಸರಿದಿದೆ ಎಂದು ಹೇಳುವವರ ದನಿಯಲ್ಲಿ. ಗೊತ್ತಿದೆ ಅಂದೆ. ಗೊತ್ತಿದ್ದೂ ಹೀಗೆ ತಿರುಗುತ್ತೀರಾ ಎನ್ನುವಂತೆ ನೋಡಿ, ರೈಲು ತಪ್ಪಿದರೂ ಪರವಾಗಿಲ್ಲವೆಂದು ಹಿಂದೆ ಉಳಿದುಕೊಂಡ.

ಥಾಣೆ ಪೇಟೆಯಲ್ಲಿ ನಾನು ದಿನಾ ತಿಂಡಿ ತಿನ್ನುವ ಹೊಟೇಲಿನ ಗಲ್ಲೆಯಲ್ಲಿ ಕೂರುವವರು ಉಡುಪಿ ಕಡೆಯವರು. ಕನ್ನಡ ಕೇಳಿದ ಖುಷಿಗೆ ಮೊದಲ ದಿನ ಬಿಟ್ಟಿ ಕಾಫಿ ಕೊಟ್ಟಿದ್ದರು. ಮರುದಿನ ಡ್ಯೂಟಿ ವೇಷದಲ್ಲಿ ಹೋದಾಗ ಎದ್ದು ಬಂದು ಮೆಲ್ಲಗೆ ಹೇಳಿದರು, "ಅಕ್ಕ, ಬೇಜಾರು ಮಾಡ್ಬೇಡಿ. ಆ ಮೂಲೆ ಟೇಬಲಲ್ಲಿ ಕೂತ್ಕೊಳ್ಳಿ ಮಾರಾಯ್ರೆ, ಗಿರಾಕಿಗಳು ಹೆದರ್ತಾರೆ." ಅಂದಿನಿಂದ ಕೈತೊಳೆಯುವ ಬೇಸಿನ್ನಿನ ಪಕ್ಕದ ಆ ಟೇಬಲ್ಲು ನನ್ನದೇ. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ, ಇಡ್ಲಿ ಮಾತ್ರ ಬೇಗ ಬರುತ್ತದೆ.

ಇದನ್ನೆಲ್ಲ ನಾನು ನಕ್ಕು ಅರಗಿಸಿಕೊಂಡೆ. ಅರಗದೆ ಉಳಿದದ್ದು ಮಗಳ ವಿಷಯ. ಸಂಜೆ ನಾನು ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಪ್ಯಾಸೇಜಿನಲ್ಲಿ ಆಡುವ ಮಕ್ಕಳನ್ನು ಅವರ ತಾಯಂದಿರು ಒಳಗೆ ಕರೆಯುತ್ತಿದ್ದರು. ಮೊದಲು ಅದು ನಾನು ದಾಟುವಷ್ಟು ಹೊತ್ತಿನ ಮಾತಾಗಿತ್ತು. ಆಮೇಲಾಮೇಲೆ ನನ್ನ ಮಗಳು ಹೊರಗೆ ಬಂದರೂ ಕರೆಯತೊಡಗಿದರು. ನಮ್ಮ ಮನೆಗಂತೂ ಒಂದು ಮಗುವೂ ಬರಲಿಲ್ಲ. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ಬಲೂನು ಕಟ್ಟಿ, ಎಲ್ಲರನ್ನೂ ಕರೆದು, ಕತ್ತಲಾಗುವವರೆಗೆ ಬಾಗಿಲು ತೆರೆದಿಟ್ಟು ಕಾದೆವು. ಕೇಕನ್ನು ನಾವೇ ತಿಂದು ಮುಗಿಸಿದೆವು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಎದುರು ಮನೆಯಾಕೆಯನ್ನು ಕೇಳಿಯೇಬಿಟ್ಟೆ. ಅವರು ಪುತ್ತೂರಿನವರು, ನನಗಿಂತ ಸ್ವಲ್ಪ ದೊಡ್ಡವರು, ಅವರ ಮಗ ನಾಲ್ಕನೇ ಕ್ಲಾಸು. ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ನಿಮ್ಮ ಮೇಲೆ ಎಂತ ಸಿಟ್ಟೂ ಇಲ್ಲ ಮಾರಾಯ್ರೆ. ಆದ್ರೆ ಅದುಂಟಲ್ಲ, ಅದು ಮನೆಯಲ್ಲಿರುವಾಗ ಮಕ್ಕಳನ್ನು ಕಳಿಸ್ಲಿಕ್ಕೆ ಧೈರ್ಯ ಬರುದಿಲ್ಲ." ಮನೆಗೆ ಬಂದ ಕೂಡಲೇ ಗುಂಡು ತೆಗೆದು, ಕುದುರೆ ಇಳಿಸಿ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ, ಕೀಲಿ ನನ್ನ ತಾಳಿಯ ಸರದಲ್ಲೇ ಇರುತ್ತದೆ, ಗಂಡನಂತೂ ಇಲ್ಲ, ಸರವಾದರೂ ಉಪಯೋಗಕ್ಕೆ ಬರಲಿ ಅಂದೆ. ಅವರಿಗೆ ನಗು ಬರಲಿಲ್ಲ.

ಈ ವರ್ಷ ಚುನಾವಣೆ ಬಂತು. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಎಲ್ಲ ಮುಗಿದ ಮೇಲೆ ವಾಪಸು. ನನ್ನಂಥವರಿಗೆ ಅದು ಯಾವಾಗಲೂ ಕಿರಿಕಿರಿ. ಈ ಸಲ ಕ್ಯಾಲೆಂಡರ್ ನೋಡಿ ಕುಣಿಯುವಷ್ಟು ಸಂತೋಷವಾಯಿತು, ಯಾಕೆಂದರೆ ಮಗಳ ಹುಟ್ಟುಹಬ್ಬ ಸರಿಯಾಗಿ ಆ ದಿನಗಳ ನಡುವೆ ಬೀಳುತ್ತಿತ್ತು. ಪಿಸ್ತೂಲು ಒಪ್ಪಿಸಿ ಬಂದವಳೇ ಮನೆಮನೆಗೆ ಹೋದೆ. ಆಯುಧ ಈಗ ಮನೆಯಲ್ಲಿಲ್ಲ, ಸರ್ಕಾರದ ಹತ್ತಿರ ಇದೆ, ಭಾನುವಾರ ಸಂಜೆ ಮಕ್ಕಳನ್ನು ಕಳಿಸಿ ಅಂದೆ. ಎದುರು ಮನೆಯಾಕೆ, "ಹಾಗಾದ್ರೆ ಅಡ್ಡಿ ಇಲ್ಲ, ಕಳಿಸ್ತೇನೆ" ಅಂದರು. ಅವರು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು.

ಆದರೆ ಮೇಡಂ ಸುಮ್ಮನೆ ಬಿಡಲಿಲ್ಲ. ಖಾಲಿ ಸೊಂಟದಲ್ಲಿ ನನ್ನನ್ನು ಕಂಡು ಮುಖ ಸಿಂಡರಿಸಿ, ಮರುದಿನ ಒಂದು ಡಬ್ಬಿ ಕೈಗಿಟ್ಟರು. ಒಳಗಿದ್ದದ್ದು ಪಿಸ್ತೂಲಿನ ಆಕಾರದ ಸಿಗರೇಟ್ ಲೈಟರು. ಒತ್ತಿದರೆ ನಳಿಕೆಯ ತುದಿಯಲ್ಲಿ ಉಗುರಿನಷ್ಟು ಉರಿ. ಕುದುರೆಯನ್ನು ಹಿಂದಕ್ಕೆ ಬಾಗಿದಂತೆಯೇ ಎರಕ ಹೊಯ್ದಿದ್ದರು, ಅದು ಅಲುಗುವುದೂ ಇಲ್ಲ. "ದೇಖ್ನೇವಾಲೇ ಕೋ ಕ್ಯಾ ಪತಾ?" ಎಂದರು ಮೇಡಂ, ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದು. ನಾಚಿಕೆಯಿಂದ ಕುಗ್ಗಿಹೋದೆ. ಬೇರೆ ದಾರಿ ಇಲ್ಲದೆ ಅದನ್ನೇ ಸಿಕ್ಕಿಸಿಕೊಂಡೆ.

ಮೇಡಂ ಹೇಳಿದ್ದೇ ಸರಿಯಾಯಿತು. ಲೋಕಲ್ಲಿನಲ್ಲಿ ಅದೇ ಒಂದು ಗೇಣು, ಹೊಟೇಲಿನಲ್ಲಿ ಅದೇ ಮೂಲೆ. ಕಾಲೇಜು ಹುಡುಗಿಯರು ನನ್ನನ್ನು ಕಂಡು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ಸೇಫ್ಟಿ ಏರಿದೆಯೇ ಎಂದು ಹೆಬ್ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತ, ನೂಕುನುಗ್ಗಲಲ್ಲಿ ಮೊಣಕೈಯಿಂದ ಅದನ್ನು ಕಾಯುತ್ತ, ಯಾರಿಗೂ ಏನೂ ಆಗಬಾರದೆಂದು ಮೈಯೆಲ್ಲ ಕಣ್ಣಾಗಿ ಓಡಾಡಿದ ಇಷ್ಟು ವರ್ಷಗಳ ಕೆಲಸಕ್ಕೆ ಒಂದು ಲೈಟರು ಸಾಕಾಗಿತ್ತು. ಅವತ್ತು ಸಂಜೆ ಬೆಲ್ಟು ಬಿಚ್ಚಿ, ಚೀಲದ ಸಮೇತ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಲೈಟರಿಗೆ ಯಾರು ಬೀಗ ಹಾಕುತ್ತಾರೆ.

ಭಾನುವಾರ ಮಕ್ಕಳು ಬಂದರು. ನಿಜವಾಗಿ ಬಂದರು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಕೈಯಲ್ಲಿ ಹೊಳೆಯುವ ಕಾಗದದ ಪೊಟ್ಟಣ ಹಿಡಿದುಕೊಂಡು. ಅವ್ವ ಪಡಸಾಲೆಯಲ್ಲಿ ಜಮಖಾನ ಹಾಸಿ, "ಬರ್ರೆವ್ವಾ, ಬರ್ರೋ, ಕೂಡ್ರಿ" ಎಂದು ಉಪಚರಿಸಿದಳು. ಅವಳ ವಿಜಯಪುರದ ಕನ್ನಡ ಯಾರಿಗೂ ಅರ್ಥವಾಗಲಿಲ್ಲ, ಯಾರೂ ಕೂರಲೂ ಇಲ್ಲ. ಎಲ್ಲರೂ ನನ್ನ ಸೊಂಟ ನೋಡಿದರು. ಎದುರು ಮನೆ ಹುಡುಗನೇ ಬಾಯಿ ಬಿಟ್ಟ. "ಆಂಟಿ, ಬಂದೂಕ್ ದಿಖಾಓ ನಾ. ಇಸ್ನೇ ಬೋಲಾ ಥಾ ದಿಖಾಯೇಗೀ."

ಮಗಳ ಕಡೆ ತಿರುಗಿದೆ. ಅವಳು ಹೊಸ ಫ್ರಾಕಿನ ಅಂಚು ಹಿಡಿದುಕೊಂಡು ನೆಲ ನೋಡುತ್ತಿದ್ದಳು. ತಾಯಂದಿರನ್ನು ನಾನು ಪಿಸ್ತೂಲು ಇಲ್ಲವೆಂದು ಒಪ್ಪಿಸಿದ್ದರೆ, ಮಕ್ಕಳನ್ನು ಇವಳು ಅದನ್ನು ತೋರಿಸುತ್ತೇನೆಂದು ಒಪ್ಪಿಸಿದ್ದಳು. ಪಿಸ್ತೂಲು ಪೊಲೀಸ್ ಠಾಣೆಯಲ್ಲಿದೆ, ಇಲ್ಲಿಲ್ಲ ಎಂದೆ. ಮಕ್ಕಳ ಮುಖ ಸಣ್ಣದಾಯಿತು. ಇಬ್ಬರು ಆಗಲೇ ಚಪ್ಪಲಿ ಹುಡುಕತೊಡಗಿದರು. ಮೊದಲು ತಿಂಡಿ ತಿನ್ನಿ, ಆಮೇಲೆ ಕೇಕು ಎಂದು ನಾನು ಸಮೋಸ ಕರಿಯಲು ಅಡಿಗೆಮನೆಗೆ ಓಡಿದೆ. ಬಿಸಿ ಸಮೋಸಕ್ಕಾದರೂ ನಿಲ್ಲುತ್ತಾರೆಂದು ನನ್ನ ಲೆಕ್ಕ.

ಎಣ್ಣೆ ಕಾಯುವಷ್ಟರಲ್ಲಿ ಹೊರಗೆ ನಗು ಕೇಳಿಸಿತು. ಒಂದಲ್ಲ, ಐದಾರು ಮಕ್ಕಳ ನಗು, ನಡುವೆ ನನ್ನ ಮಗಳದೂ. ಆ ಮನೆಯಲ್ಲಿ ಅಂಥ ಸದ್ದು ಅಲ್ಲಿಯವರೆಗೆ ಆಗಿರಲಿಲ್ಲ. ಒಲೆಯ ಮುಂದೆ ನಿಂತವಳಿಗೆ ಕಣ್ಣು ತುಂಬಿತು. ತಟ್ಟೆ ತೆಗೆದುಕೊಳ್ಳಲು ಬಂದ ಅವ್ವ, "ನೋಡು, ಎಷ್ಟ್ ನಗಾಕತ್ತಾಳ ನಿನ್ನ ಮಗಳು. ನೀ ಸುಮ್ನ ಚಿಂತಿ ಮಾಡ್ತಿದ್ದಿ" ಅಂದಳು.

ತಟ್ಟೆ ಹಿಡಿದು ಹೊರಗೆ ಬಂದೆ. ಮಗಳು ಬಲೂನುಗಳ ಕೆಳಗೆ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಎದುರು ಮನೆ ಹುಡುಗ ಲೈಟರನ್ನು ಅವಳ ಹಣೆಗೆ ಹಿಡಿದಿದ್ದ. ಉಳಿದವರು ಸುತ್ತ ನಿಂತು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅವಳೇ ನಗುತ್ತಿದ್ದಳು. ಮೊಳೆಯಿಂದ ಚೀಲ ಇಳಿಸಿ ಕೊಟ್ಟವಳೂ ಅವಳೇ. ಅದು ಲೈಟರೆಂದು ಗೊತ್ತಿದ್ದೂ, ಆ ನಳಿಕೆ ಆ ಹಣೆಗೆ ತಾಗಿದ್ದು ಕಂಡು ತಟ್ಟೆಯನ್ನು ನೆಲಕ್ಕೆ ಇಟ್ಟುಬಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ, ತೆರೆದಿದ್ದ ಬಾಗಿಲಲ್ಲಿ ಹುಡುಗನ ತಾಯಿ ನಿಂತಿದ್ದರು.

ಅವರು ನೇರ ಒಳಗೆ ಬಂದು ಮಗನ ರಟ್ಟೆ ಹಿಡಿದರು. ಇದು ಲೈಟರು, ಆಟಿಕೆ ಇದ್ದಂತೆ, ನೋಡಿ ಎಂದು ನಾನು ಅದನ್ನು ಕಿತ್ತುಕೊಂಡು ಒತ್ತಿ ತೋರಿಸಿದೆ. ನಳಿಕೆಯ ತುದಿಯಲ್ಲಿ ಪುಟ್ಟ ಉರಿ ಎದ್ದಿತು. ಅವರು ಆ ಉರಿ ನೋಡಿದರು, ತಲೆಯ ಮೇಲಿನ ಬಲೂನು ನೋಡಿದರು. "ನೀವು ಇಲ್ಲ ಅಂತ ಹೇಳಿದ್ರಿ ಅಲ್ಲ ಮಾರಾಯ್ರೆ" ಎಂದರು. ವರ್ಷಗಟ್ಟಲೆ ಊರೆಲ್ಲ ನೋಡಿದ ಹಾಗೆ ಅಂದು ಅವರೂ ನೋಡಿದರು, ನನ್ನ ಮುಖವನ್ನಲ್ಲ, ಕೈಯನ್ನು ಮಾತ್ರ. ಅವರ ಹಿಂದೆಯೇ ಉಳಿದ ಮಕ್ಕಳೂ ಹೊರಟುಹೋದರು. ಸಮೋಸ ಹಾಗೇ ಇತ್ತು, ಕೇಕಿಗೆ ಚಾಕು ತಾಗಿರಲಿಲ್ಲ.

ಮಗಳು ಮೆಲ್ಲಗೆ ಕೈ ಇಳಿಸಿದಳು. ಬೈಯುತ್ತೇನೆಂದು ಕಾದಳು. ನಾನು ಬಲೂನು ಬಿಚ್ಚತೊಡಗಿದೆ. ರಾತ್ರಿ ಮಗ್ಗುಲಲ್ಲಿ ಮಲಗಿದವಳು ಕೇಳಿದಳು, "ಮಮ್ಮಿ, ಅಸಲೀವಾಲಾ ಕಬ್ ವಾಪಸ್ ಮಿಲೇಗಾ?" ಚುನಾವಣೆ ಮುಗಿದ ಮೇಲೆ ನಿಜವಾದದ್ದು ವಾಪಸು ಸಿಗುತ್ತದೆ ಅಂದೆ.

ಚುನಾವಣೆ ಮುಗಿಯಿತು. ಪಿಸ್ತೂಲು ಬಿಡಿಸಿಕೊಂಡು ಬಂದು, ಕಪಾಟಿನಲ್ಲಿಟ್ಟು ಬೀಗ ಹಾಕಿ ತಿರುಗುವಷ್ಟರಲ್ಲಿ ಮಗಳು ಗ್ಯಾಲರಿಗೆ ಓಡಿದ್ದಳು. ಕೆಳಗೆ ಕ್ರಿಕೆಟ್ ಆಡುತ್ತಿದ್ದ ಮಕ್ಕಳಿಗೆ, "ಆ ಗಯಾ, ಅಸಲೀವಾಲಾ ಆ ಗಯಾ" ಎಂದು ಕೂಗಿ ಹೇಳಿದಳು. ಆಟ ನಿಂತಿತು. ಮಕ್ಕಳು ತಲೆ ಎತ್ತಿ ನೋಡಿದರು. ಒಂದು ಕಿಟಕಿ ತೆರೆಯಿತು, ಆಮೇಲೆ ಇನ್ನೊಂದು. ತಾಯಂದಿರು ಒಂದೊಂದಾಗಿ ಹೆಸರು ಕರೆಯುವುದು ಕೇಳಿಸಿತು, ಕೆಳಗಿನ ಅಂಗಳ ಖಾಲಿಯಾಯಿತು. ಅವರೆಲ್ಲ ಮೆಟ್ಟಿಲು ಹತ್ತಿ ತನ್ನ ಹತ್ತಿರವೇ ಬರುತ್ತಿದ್ದಾರೆಂದು ತಿಳಿದ ಮಗಳು ಒಳಗೆ ಓಡಿ ಬಂದು ಬಾಗಿಲು ಪೂರ್ತಿ ತೆರೆದಿಟ್ಟಳು.